ಸೆರಗಿನ ಗೋಡೆ

ಮನೆಯ ಒಳಭಾಗವನ್ನು ಅಂದಗೊಳಿಸುವ ಬಗೆಯನ್ನು ಕುರಿತು ಒಂದು ಭಾಷಣ ಮಾಡಬೇಕೆಂದು ಬಾನುಲಿಯವರಿಂದ ಕರೆ ಬಂದಾಗ ನನಗೆ ಮೊದಲು ಬಂದದ್ದು ನಗು. ನಾನು ಆ ವಿದ್ಯೆಯನ್ನು ಕಲಿತವಳಲ್ಲ. ನನ್ನ ನಡುಮನೆಯಲ್ಲಿ ಒಂದು ಮಂಚ, ಎರಡು ಬೆತ್ತದ ಕುರ್ಚಿ, ಒಂದು ಪುಸ್ತಕದ ಕಪಾಟು, ಗೋಡೆಗೊಂದು ಗಡಿಯಾರ, ಇಷ್ಟೇ ಇರುವುದು. ಆದರೆ ಈಚೆಗೆ ನನ್ನ ಅಣ್ಣನ ಮಗಳು ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಿದಳು. ಆ ಮನೆಯ ನೆವದಿಂದ ನಾವಿಬ್ಬರೂ ಒಂದು ಚಳಿಗಾಲವೆಲ್ಲ ಬಾದಾಮಿ, ಗುಳೇದಗುಡ್ಡ, ಇಳಕಲ್ಲುಗಳನ್ನು ಸುತ್ತಿದೆವು. ಆ ಸುತ್ತಾಟದಲ್ಲಿ ಕಂಡುದನ್ನೂ, ಹಿಂದೊಮ್ಮೆ ನಾನೇ ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳಬಹುದಲ್ಲ ಎಂದು ಒಪ್ಪಿಕೊಂಡೆ.

ನವನಗರವೆಂದರೆ ಹೊರಗಿನ ಕೇಳುಗರಿಗೆ ಗೊತ್ತಿರಲಿಕ್ಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಸಿಕ್ಕುವುದೆಂದು ತಿಳಿದಾಗ ಅಲ್ಲಿಯ ಜನಕ್ಕಾಗಿ ಕಟ್ಟಿದ ಊರು ಅದು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರಿನ ಅಂಕಿಗಳುಂಟು. ನಮ್ಮ ಮನೆತನದ ಮನೆಯೂ ಹಾಗೆ ನೀರಿನ ಪಾಲಾಯಿತು. ಕಟ್ಟಿಗೆಯ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ, ಮಾಳಿಗೆಯಿಂದ ಒಲೆಯ ಮುಂದಕ್ಕೆ ಬೀಳುವ ಬೆಳಕಿಂಡಿಯ ಬಿಸಿಲು. ಆ ಮನೆಯನ್ನು ನಮ್ಮಲ್ಲಿ ಯಾರೂ ಅಲಂಕರಿಸಿದ್ದು ನನಗೆ ನೆನಪಿಲ್ಲ. ಕಟ್ಟಿದ ಬಡಿಗನೇ ಅಲಂಕರಿಸಿ ಹೋಗಿದ್ದ. ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಒಂದು ಪಟ್ಟಿ, ಅಲ್ಲಿಗೆ ಮುಗಿಯಿತು. ಈಗಿನ ಸಿಮೆಂಟಿನ ಮನೆಗೆ ಕಂಬವಿಲ್ಲ, ಬೋದಿಗೆಯಿಲ್ಲ, ಗಿಳಿಗೂಟವಿಲ್ಲ. ನಾಲ್ಕು ಬೋಳು ಗೋಡೆಗಳನ್ನು ನಮ್ಮ ಕೈಗೆ ಕೊಟ್ಟು ಗುತ್ತಿಗೆದಾರನು ಹೊರಟುಹೋಗುತ್ತಾನೆ. ಅಲಂಕಾರವೆಂಬ ಪ್ರಶ್ನೆ ಹುಟ್ಟುವುದು ಆಗ.

ನನ್ನ ಸೊಸೆ ಫೋನಿನಲ್ಲಿ ನೂರಾರು ಚಿತ್ರಗಳನ್ನು ಕೂಡಿಟ್ಟುಕೊಂಡು ಬಂದಿದ್ದಳು. “ಅತ್ತಿ, ಇದರಾಗ ಯಾವದು ಚಲೋ ಕಾಣತೈತಿ ಹೇಳ್ರಿ” ಎಂದಳು. ಎಲ್ಲದರಲ್ಲಿಯೂ ಬೂದಿಬಣ್ಣದ ಗೋಡೆ, ಬೂದಿಬಣ್ಣದ ಸೋಫಾ, ಒಂದು ಮೂಲೆಯಲ್ಲಿ ದೊಡ್ಡ ಎಲೆಯ ಗಿಡ. ಆ ಕೋಣೆ ದುಬೈಯಲ್ಲಿರಬಹುದು, ಪುಣೆಯಲ್ಲಿರಬಹುದು. ಅದರಲ್ಲಿ ಕುಳಿತವರು ರೊಟ್ಟಿ ತಿನ್ನುವವರೋ ಅಲ್ಲವೋ ಎಂಬುದು ಮಾತ್ರ ತಿಳಿಯುವಂತಿರಲಿಲ್ಲ. ನಾನು ಚಿತ್ರಗಳನ್ನು ಬದಿಗಿಡಿಸಿ, “ಬನಶಂಕರಿ ಜಾತ್ರಿಗಿ ಹೋಗೂಣು ಬಾ” ಎಂದೆ. “ಜಾತ್ರ್ಯಾಗ ಎಂಥಾ ಇಂಟೀರಿಯರ್ ಸಿಗತೈತ್ರಿ?” ಎಂದು ಅವಳು ನಕ್ಕಳು.

ಬಾದಾಮಿಯಿಂದ ಐದು ಕಿಲೋಮೀಟರಿನಷ್ಟು ದೂರ, ಚೋಳಚಗುಡ್ಡದ ಬದಿಗೆ ಬನಶಂಕರಿಯ ಗುಡಿಯಿದೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ತೇರು. ತೇರಿಗೆ ಮುನ್ನ ಪಲ್ಲೇದ ಹಬ್ಬ, ಆಗ ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯ. ತೇರು ಮುಗಿದ ಮೇಲೂ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ನಾಟಕ ಕಂಪನಿಗಳ ಡೇರೆಗಳಲ್ಲಿ ರಾತ್ರಿಯೆಲ್ಲ ಆಟ. ಇದೆಲ್ಲ ಕನ್ನಡಿಗರಿಗೆ ಗೊತ್ತಿದ್ದದ್ದೇ. ಆದರೆ ಈ ಜಾತ್ರೆಯ ಇನ್ನೊಂದು ಹೆಸರುವಾಸಿ ವ್ಯಾಪಾರವನ್ನು ನಾಟಕದ ಗದ್ದಲದಲ್ಲಿ ನಾವು ಮರೆಯುತ್ತೇವೆ. ಇಲ್ಲಿ ಮನೆಯ ಬಾಗಿಲುಗಳು ಮಾರಾಟಕ್ಕೆ ಬರುತ್ತವೆ. ಚೌಕಟ್ಟು ಸಮೇತ, ಹೊಸ್ತಿಲು ಸಮೇತ, ಕೆತ್ತಿದ ಬಾಗಿಲುಗಳು ಬಯಲಿನಲ್ಲಿ ಸಾಲಾಗಿ ನಿಂತಿರುತ್ತವೆ. ಸಂಜೆಯ ಬೆಳಕಿನಲ್ಲಿ ನೋಡಿದರೆ ಗೋಡೆಗಳೆಲ್ಲ ಕರಗಿಹೋಗಿ ಬಾಗಿಲುಗಳಷ್ಟೇ ಉಳಿದ ಒಂದು ಊರಿನಂತೆ ಕಾಣುತ್ತದೆ. ನಮ್ಮ ಬಾಗಲಕೋಟೆಯವರಿಗೆ ಆ ನೋಟ ಸುಮ್ಮನೆ ಸೊಗಸಿನದಲ್ಲ.

ಕೊಳ್ಳುವವರನ್ನು ನೋಡುತ್ತ ನಿಲ್ಲುವುದೇ ಒಂದು ಪಾಠ. ರೈತನೊಬ್ಬ ನೂಲಿನ ದಾರದಲ್ಲಿ ತನ್ನ ಮನೆಯ ಅಳತೆಗೆ ಗಂಟು ಹಾಕಿಕೊಂಡು ಬಂದಿದ್ದ. ಬೆರಳಿನ ಗೆಣ್ಣಿನಿಂದ ಬಾಗಿಲನ್ನು ತಟ್ಟಿ ಕಿವಿಗೊಟ್ಟು ಕೇಳಿದ. ಬಳ್ಳಿಯ ಕೆತ್ತನೆಯ ಮೇಲೆ ಅಂಗೈಯಾಡಿಸಿದ. ಅವನ ಹೆಂಡತಿ ದೂರ ಹೋಗಿ ನಿಂತು, ಅಲ್ಲಿಂದ ನೋಡಿ, ತಲೆಯಲ್ಲಾಡಿಸಿದಳು. ಹತ್ತಿರದಿಂದ ನೋಡುವುದು ಅವನ ಕೆಲಸ, ದೂರದಿಂದ ನೋಡುವುದು ಅವಳ ಕೆಲಸ. ಇವೆರಡನ್ನೂ ಮಾಡದೆ ಮನೆಗೆ ಏನನ್ನೂ ಕೊಳ್ಳಬಾರದೆಂದು ನನಗೆ ಆಗ ಹೊಳೆಯಿತು.

ಇಂಥ ಜಾತ್ರೆಗಳು ಜಗತ್ತಿನ ಬೇರೆಡೆಗೂ ಉಂಟು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮನೆಬಳಕೆಯ ಬಟ್ಟೆಗಳಿಗೆಂದೇ ‘ಹೈಮ್‌ಟೆಕ್ಸ್‌ಟಿಲ್’ ಎಂಬ ಮೇಳ 1971ರಲ್ಲಿ ಆರಂಭವಾಯಿತು. ಅದೂ ನಡೆಯುವುದು ಸಾಮಾನ್ಯವಾಗಿ ಜನವರಿಯಲ್ಲಿ, ಹೆಚ್ಚುಕಡಿಮೆ ನಮ್ಮ ಬನಶಂಕರಿಯ ದಿನಗಳಲ್ಲಿಯೇ. ಇಟಲಿಯ ಮಿಲಾನಿನಲ್ಲಿ ಪೀಠೋಪಕರಣಗಳ ಮೇಳ 1961ರಿಂದ ಬಂದಿದೆ. ಬರುವ ವರ್ಷ ಜನರ ಮನೆಗಳಲ್ಲಿ ಯಾವ ಬಣ್ಣ ಓಡೀತೆಂಬುದನ್ನು ಅಲ್ಲಿ ನೆರೆದ ವ್ಯಾಪಾರಿಗಳು ಲೆಕ್ಕ ಹಾಕುತ್ತಾರೆ. ಬನಶಂಕರಿಯ ಗಿರಾಕಿಗೆ ಬರುವ ವರ್ಷದ ಗೊಡವೆಯಿಲ್ಲ. ಅವನಿಗೆ ಮೊಮ್ಮಗನ ಮದುವೆಯವರೆಗೆ ಗೆದ್ದಲು ಹಿಡಿಯದಿದ್ದರೆ ಸಾಕು. ಆದರೆ ಆ ಮೇಳಗಳನ್ನು ನಾನು ಹಳಿಯಲಾರೆ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನದ ಒಳಭಾಗಕ್ಕೆ ಬಣ್ಣದ ಯೋಜನೆ ಮಾಡಿಕೊಟ್ಟವನು ಓವೆನ್ ಜೋನ್ಸ್ ಎಂಬ ವಾಸ್ತುಶಿಲ್ಪಿ. ಹಾಗೆ ತಾನು ಬಣ್ಣ ಹಾಕಿಸಿದ ಆ ಸಭಾಂಗಣದಲ್ಲಿಯೇ ಭಾರತದ ಬಟ್ಟೆಗಳನ್ನು ಕಂಡು ಅವನು ಬೆರಗಾದ. ಇಂಗ್ಲಿಷ್ ಗಿರಣಿಗಳ ಬಟ್ಟೆಯ ಮೇಲೆ ಹೂವುಗಳು ಎಲ್ಲೆಂದರಲ್ಲಿ ಚೆಲ್ಲಿದ್ದವು. ನಮ್ಮ ಬಟ್ಟೆಗಳಲ್ಲಿ ಬಣ್ಣಕ್ಕೂ ಆಕಾರಕ್ಕೂ ಒಂದು ಹಂಚಿಕೆಯಿತ್ತು. ಆ ಹಂಚಿಕೆಯನ್ನು ಮೆಚ್ಚಿ 1856ರಲ್ಲಿ ಅಲಂಕಾರದ ವ್ಯಾಕರಣವೆಂಬ ಅರ್ಥದ ಹೆಸರಿನ ದೊಡ್ಡ ಗ್ರಂಥದಲ್ಲಿ ಭಾರತದ ಅಲಂಕಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟ. ಮನೆ ಸಿಂಗರಿಸುವವನು ಬಟ್ಟೆಯ ಮುಂದೆ ವಿದ್ಯಾರ್ಥಿಯಾಗಿ ನಿಲ್ಲಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಂಚಿಕೆ ಎಂಬ ಮಾತು ನನ್ನ ಸೊಸೆಗೆ ತಿಳಿದದ್ದು ಹೇಗೆಂದರೆ ಹೀಗೆ. ಬಾಗಿಲುಗಳ ಸಾಲಿನ ಪಕ್ಕದಲ್ಲಿ ಒಂದು ಸೀರೆಯ ಅಂಗಡಿ. ಅವಳು ಒಂದು ಇಳಕಲ್ಲ ಸೀರೆಯನ್ನು ಬಿಚ್ಚಿಸಿ, ಅಲ್ಲಿಯೇ ನಿಂತಿದ್ದ ಬಾಗಿಲ ಚೌಕಟ್ಟಿನ ಮೇಲೆ ಇಳಿಬಿಟ್ಟು ನೋಡತೊಡಗಿದಳು. ಅಂಗಡಿಯ ಮುದುಕ, “ಏನವ್ವಾ, ಬಾಗಲಾ ಸೀರಿ ಉಡತೈತೇನ?” ಎಂದ. ಸುತ್ತಲಿದ್ದವರು ನಕ್ಕರು. ನಗುವಿನ ನಡುವೆಯೇ ಅವಳು, “ಅತ್ತಿ, ಇದರಾಗ ಬರೇ ಖಾಲಿನ ಜಾಸ್ತಿ ಐತೆಲ್ರಿ!” ಎಂದಳು. ಆರು ಗಜದ ಸೀರೆಯನ್ನು ಹುಟ್ಟಿದಂದಿನಿಂದ ನೋಡಿದವಳಿಗೆ ಅದು ಅಂದು ಮೊದಲ ಬಾರಿಗೆ ಕಂಡಿತ್ತು.

ಇಳಕಲ್ಲ ಸೀರೆಗೆ ಮೂರು ಅಂಗ. ಒಡಲು, ದಡಿ, ಸೆರಗು. ಒಡಲು ಬಹುಪಾಲು ಸದ್ದಿಲ್ಲದ್ದು. ಒಂದೇ ಬಣ್ಣ, ಇಲ್ಲವೆ ಸಣ್ಣ ಗೆರೆ, ಸಣ್ಣ ಚೌಕಳಿ. ದಾಳಿಂಬೆಯ ಕೆಂಪು, ನವಿಲಿನ ಹಸಿರು, ಗಿಳಿಯ ಹಸಿರು ಇವೆಲ್ಲ ಅಲ್ಲಿಯ ಒಲವಿನ ಬಣ್ಣಗಳು. ದಡಿ ಎರಡೂ ಅಂಚಿಗೆ ತುದಿಯಿಂದ ತುದಿಯವರೆಗೆ ಓಡುತ್ತದೆ. ಗೋಮಿ, ಪರಾಸಪೇಟಿ, ಗಾಡಿ, ಚಿಕ್ಕಿ ಪರಾಸ ಎಂದು ಅದರಲ್ಲಿ ಜಾತಿಗಳು. ಸೆರಗು ಕೊನೆಗೆ ಮಾತ್ರ ಬರುತ್ತದೆ: ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು ಪಟ್ಟೆ, ಕೆಂಪು ಬಿಳಿ ಕೂಡುವಲ್ಲಿ ಹಲ್ಲುಹಲ್ಲಾದ ಚಿತ್ತಾರ. ಆ ಚಿತ್ತಾರಗಳಿಗೆ ಹಣಿಗೆ ಎಂದರೆ ಬಾಚಣಿಗೆ, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು ಎಂಬ ಅರ್ಥದ ಹೆಸರುಗಳಿವೆ. ಬಾದಾಮಿಯ ಸೀಮೆಯ ಹೆಣ್ಣುಮಗಳು ಮುಂಜಾನೆಯಿಂದ ಸಂಜೆಯವರೆಗೆ ಏನೇನು ಕಾಣುವಳೋ ಅಷ್ಟೂ ಸೆರಗಿನಲ್ಲಿದೆ.

ನೇಯುವ ರೀತಿಯನ್ನು ನೋಡಲು ನಾವು ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೇ ಹೋದೆವು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸಿನ ಎಳೆಗಳನ್ನು ಮಗ್ಗದ ಮೇಲೆ ಒಂದಕ್ಕೊಂದು ಕುಣಿಕೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಒಂದೊಂದು ಎಳೆಗೂ ಒಂದೊಂದು ಕೊಂಡಿ. ಆದುದರಿಂದ ಈ ಬಗೆಯ ಸೀರೆಯನ್ನು ತಾನಿನಂತೆ ಒಂದರ ಬೆನ್ನಿಗೊಂದು ನೇಯುತ್ತ ಹೋಗಲು ಬರುವುದಿಲ್ಲ. ಒಂದು ಸೀರೆಗೆ ಒಂದು ಹಾಸು.

ಈಗ ಆ ಚಿತ್ರಗಳ ಕೋಣೆಗಳನ್ನು ನೆನಸಿಕೊಳ್ಳಿ, ಇಲ್ಲವೆ ನಮ್ಮಲ್ಲಿಯೇ ಹೊಸದಾಗಿ ಸಿಂಗರಿಸಿಕೊಂಡ ಮನೆಗಳನ್ನು ನೆನಸಿಕೊಳ್ಳಿ. ಒಂದು ಗೋಡೆಗೆ ಕಲ್ಲಿನಂಥ ಕಾಗದ, ಒಂದಕ್ಕೆ ಗಾಢವಾದ ಬಣ್ಣ, ಮಾಳಿಗೆಗೆ ದೀಪಗಳ ಮಾಲೆ, ಪರದೆಗೆ ದೊಡ್ಡ ಹೂ. ಪ್ರತಿಯೊಂದು ಗೋಡೆಯೂ ತಾನೇ ಸೆರಗಾಗಬೇಕೆಂದು ಹಟ ಹಿಡಿದಿರುತ್ತದೆ. ಒಡಲಾಗಲು ಯಾವುದೂ ಒಪ್ಪುವುದಿಲ್ಲ. ಇಳಕಲ್ಲಿನ ನೇಕಾರ ಈ ತಪ್ಪನ್ನು ಮಾಡಲಾರ. ಅವನ ಮಗ್ಗವೇ ಅವನನ್ನು ತಡೆಯುತ್ತದೆ. ಬಟ್ಟೆಯಿಂದ ಮನೆಗೆ ತರಬೇಕಾದದ್ದು ಅದರ ಹೂವು ಬಳ್ಳಿಗಳಿಗಿಂತ ಮೊದಲು ಈ ಅಳತೆ ಎಂದು ನನಗೆ ತೋರುತ್ತದೆ: ಅಗಲವಾದ ಮೌನದ ಒಡಲು, ಬುಡಕ್ಕೆ ಗಟ್ಟಿಯಾದ ಒಂದು ದಡಿ, ಕೋಣೆಗೆ ಒಂದೇ ಒಂದು ಸೆರಗು. ನಮ್ಮ ಹಳೆಯ ಮನೆಯ ಸುಣ್ಣದ ಗೋಡೆ, ಕೆಮ್ಮಣ್ಣಿನ ಪಟ್ಟಿ, ಕೆತ್ತಿದ ತಲೆಬಾಗಿಲು ಇವೂ ಇದೇ ಲೆಕ್ಕದವು.

ಒಂದು ವಸ್ತುವಿನ ಗುಣವನ್ನು ಇನ್ನೊಂದಕ್ಕೆ ಒಯ್ಯುವುದು ಈ ಸೀಮೆಗೆ ಹೊಸದೂ ಅಲ್ಲ. ಐಹೊಳೆಯ ಲಾಡಖಾನ ಗುಡಿಯ ಮಾಳಿಗೆಯ ಮೇಲೆ ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲುಗಳನ್ನಿಟ್ಟಿದ್ದಾರೆ. ಅವು ಕಟ್ಟಿಗೆಯ ದಿಮ್ಮಿಗಳಂತೆಯೇ ಕಾಣುತ್ತವೆ. ನಮ್ಮ ಹೆಣ್ಣುಮಕ್ಕಳ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಅಂಬಾರಿಯ ಆನೆ ಎಲ್ಲ ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೆರಗಿಗೆ ಇಳಿದಿವೆ. ಮನೆ, ಗುಡಿಗಳಿಂದ ಸೀರೆ ಪಡೆದದ್ದು ಈಗ ಗೋಡೆಗೆ ಮರಳಿದರೆ ಅದೊಂದು ಹಳೆಯ ಸಾಲದ ತೀರುವೆ.

ಆದರೆ ತೀರಿಸುವ ರೀತಿ ಒಂದಿದೆ. ಇಲ್ಲಿ ನನ್ನ ತಪ್ಪಿನ ಕಥೆಯನ್ನು ಹೇಳಬೇಕು. ನವನಗರಕ್ಕೆ ಬಂದ ಹೊಸತರಲ್ಲಿ ನಮ್ಮ ಮನೆಯ ಪಡುವಣ ಕಿಟಕಿಗೆ ಪರದೆ ಬೇಕಾಗಿತ್ತು. ಅವ್ವನ ಪೆಟ್ಟಿಗೆಯಲ್ಲಿ ಕಡುನೀಲಿಯ ಒಂದು ಇಳಕಲ್ಲ ಸೀರೆಯಿತ್ತು, ಒಡಲು ಒಂದೆರಡು ಕಡೆ ಹರಿದದ್ದು. ಅವ್ವನನ್ನು ಕೇಳದೆ ಅದನ್ನು ದರ್ಜಿಗೆ ಕೊಟ್ಟು, ಸೆರಗು ಮೇಲೆ ಬರುವಂತೆ ಕತ್ತರಿಸಿ ಪರದೆ ಹೊಲಿದುಕೊಡು ಎಂದೆ. ಅವನು ನಾನು ತೋರಿಸಿದ ಗೆರೆಯಲ್ಲಿಯೇ ಕತ್ತರಿಯಾಡಿಸಿದ. ಆ ಗೆರೆ ಕೊಂಡಿಯ ಸಾಲು. ಹೊಲಿಗೆ ಹಾಕಿದರೂ ಕೊಂಡಿಗಳು ಒಂದೊಂದಾಗಿ ಬಿಚ್ಚಿಕೊಂಡು ಸೆರಗು ಜೋಲತೊಡಗಿತು. ರೇಷ್ಮೆಗೆ ಬಿಸಿಲು ಆಗದು ಎಂಬುದೂ ನನಗೆ ತಿಳಿದಿರಲಿಲ್ಲ. ಎರಡು ಬೇಸಿಗೆಯಲ್ಲಿ ಕೆಂಪು ಬಣ್ಣ ಇಟ್ಟಿಗೆಯ ಪುಡಿಯಂತಾಯಿತು. ಮುಟ್ಟಿದಲ್ಲಿ ಎಳೆ ಸಿಡಿಯುತ್ತಿತ್ತು. ಅವ್ವ ಬೈಯಲಿಲ್ಲ. “ಹರದ ಸೀರಿ ಕೌದಿಗಿ ಹೋಗಬೇಕಿತ್ತವ್ವಾ, ಕಿಡಕಿಗಲ್ಲ” ಎಂದಳು, ಅಷ್ಟೆ. ಅದರಲ್ಲಿ ಉಳಿದ ನೀಲಿಯ ತುಂಡುಗಳನ್ನು ಆರಿಸಿ ಅವಳೇ ಒಂದು ಸಣ್ಣ ಕೌದಿಗೆ ಸೇರಿಸಿದಳು.

ಅವ್ವನ ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನಮ್ಮ ಕಡೆ ಬಟ್ಟೆ ಮೈಯಿಂದ ಮನೆಗೆ ಬರುವುದು ತನ್ನ ಮುಪ್ಪಿನಲ್ಲಿ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ನಡುವಿಗೆ ದೊಡ್ಡ ದಾರದ ಸಾಲುಹೊಲಿಗೆ ಹಾಕುತ್ತ ಹೋದರೆ ಅದು ಕೌದಿ. ಅದಕ್ಕೆ ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಆ ವರ್ಷ ಮನೆಯಲ್ಲಿ ಏನು ಹರಿಯಿತೋ ಅದೇ ನಕ್ಷೆ. ಪಟ್ಟಣದ ಮಳಿಗೆಗಳಲ್ಲಿ ಈಗ ಹೊಸ ಬಟ್ಟೆಯನ್ನೇ ತುಂಡು ಮಾಡಿ ಕೌದಿ ಹೊಲಿಸಿ ಮಾರುವುದುಂಟು. ಹೊಲಿದವಳಿಗೆ ಕೂಲಿ ಸಿಗುವುದಾದರೆ ನನ್ನದೇನೂ ತಕರಾರಿಲ್ಲ, ಆದರೆ ಹೊದ್ದು ನೋಡಿದವರಿಗೆ ಅಂತರ ತಿಳಿಯುತ್ತದೆ.

ಹೊಸ ಬಟ್ಟೆಯನ್ನೇ ಮನೆಗೆ ತರುವುದಾದರೆ ನನ್ನ ಮತ ಗುಳೇದಗುಡ್ಡದ ಖಣಕ್ಕೆ. ಖಣವೆಂದರೆ ಕುಪ್ಪಸದ ತುಂಡು, ಇಳಕಲ್ಲ ಸೀರೆಯ ಜೊತೆಗಾತಿ. ಎರಡೂ ಬದಿಗೆ ದಡಿ, ನಡುವೆ ಮೈತುಂಬ ಸಣ್ಣ ಸಣ್ಣ ಚಿತ್ತಾರ. ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಎಂದು ಅವಕ್ಕೆ ಹೆಸರು. ಮುಕ್ಕೋನವಾಗಿ ಮಡಿಚಿಟ್ಟು ಮಾರುತ್ತಾರೆ. ಅಕ್ಕಿ, ತೆಂಗಿನಕಾಯಿ, ಅರಿಸಿನ ಕುಂಕುಮಗಳೊಡನೆ ಮುತ್ತೈದೆಯ ಉಡಿಗೆ ಬೀಳುವ ವಸ್ತು ಅದು. ಮಹಾರಾಷ್ಟ್ರದವರಿಗೂ ಇದರ ಮೇಲೆ ಬಲು ಪ್ರೀತಿ. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆಯ ಪತ್ರವನ್ನು ಯಾರೂ ಉಡಲಾರರು. ಸೀರೆಯ ಜೊತೆಗೇ ಕುಪ್ಪಸದ ಬಟ್ಟೆ ಬರತೊಡಗಿದ ಮೇಲೆ, ಹುಡುಗಿಯರ ಉಡುಪೇ ಬದಲಾದ ಮೇಲೆ, ಖಣದ ಗಿರಾಕಿ ಕಡಿಮೆಯಾಯಿತು.

ಮಂಗಳದ್ರವ್ಯವೆನಿಸಿದ ಈ ಬಟ್ಟೆಯನ್ನು ದಿಂಬಿಗೆ, ಗೋಡೆಗೆ ಹಾಕುವುದು ಸರಿಯೇ ಎಂಬ ಅಳುಕು ನನಗಿತ್ತು. ಗುಳೇದಗುಡ್ಡದ ಒಂದು ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತಿದ್ದ ಹಿರಿಯಳೊಬ್ಬಳನ್ನು ಕೇಳಿಯೇಬಿಟ್ಟೆ. ಅವಳು ರಾಟೆ ನಿಲ್ಲಿಸದೆ ಹೇಳಿದಳು: “ಮೈಮ್ಯಾಲ ಹಾಕ್ಕೊಳ್ಳಾವರು ಕಡಿಮಿ ಆದ್ರ ಗ್ವಾಡಿಗ್ಯಾರ ಹಾಕ್ಕೊಳ್ರಿ ಅಕ್ಕಾರ, ಮಗ್ಗಾ ನಿಂದರಬಾರದು. ಖರೆ ಕಾಲಾಗ ಮಾತ್ರ ಹಾಸಬ್ಯಾಡ್ರಿ.” ಕಾಲಿಗೆ ಹಾಸಲೆಂದೇ ಹುಟ್ಟಿದ ಬಟ್ಟೆ ದೂರವೇನಿಲ್ಲ, ಧಾರವಾಡ ಜಿಲ್ಲೆಯ ನವಲಗುಂದದಲ್ಲಿದೆ, ನಿಲುಮಗ್ಗದ ಮೇಲೆ ಹೆಂಗಸರು ನೇಯುವ ಜಮಖಾನೆ, ನಡುವೆ ಪಗಡೆಯ ಹಾಸು, ನವಿಲು. ನೆಲಕ್ಕೆ ಅದು, ಎದೆಯೆತ್ತರಕ್ಕೆ ಖಣ ಎಂದು ನಾವು ತೀರ್ಮಾನಿಸಿದೆವು.

ಖಣವನ್ನು ಎಲ್ಲಿಡಬೇಕೆಂಬುದಕ್ಕೆ ಅದರ ಚಿತ್ತಾರದ ಗಾತ್ರವೇ ಉತ್ತರ ಕೊಡುತ್ತದೆ. ಸೆರಗು ಓಣಿಯ ಆ ತುದಿಯಿಂದ ಕಾಣಲೆಂದು ನೇಯ್ದದ್ದು. ಖಣ ಎದುರು ಕುಳಿತು ಮಾತಾಡುವವರಿಗೆ ಕಾಣಲೆಂದು ನೇಯ್ದದ್ದು. ಖಣವನ್ನು ದೊಡ್ಡ ಗೋಡೆಗೆ ಹರಡಿದರೆ ಚಿತ್ತಾರವೆಲ್ಲ ಕಲಸಿ ಒಂದೇ ಮಸಿಯಾಗುತ್ತದೆ. ಗೂಡಿನ ಹಿಂಬದಿಗೆ, ಕಪಾಟಿನ ಅಂಚಿಗೆ, ಬಾಗಿಲ ತೋರಣಕ್ಕೆ, ಒರಗುದಿಂಬಿನ ಮುಖಕ್ಕೆ, ಹೀಗೆ ಕೈಗೆ ಎಟುಕುವಲ್ಲಿ ಇಟ್ಟರೆ ಬೆಳಕು ಬದಲಾದಂತೆ ಅದರ ಬಣ್ಣವೂ ಹೊರಳುವುದನ್ನು ನೋಡುತ್ತ ಕುಳಿತಿರಬಹುದು. ಕುಪ್ಪಸದ ಬಟ್ಟೆ ತೆಳುವಾದದ್ದರಿಂದ ಒಳಗೆ ಗಟ್ಟಿಯಾದ ಹತ್ತಿಯ ಅಸ್ತರಿ ಬೇಕು. ಕುಳಿತುಕೊಳ್ಳುವ ಆಸನಕ್ಕೆ ಅದು ಬೇಡವೇ ಬೇಡ. ಕೊಳ್ಳುವಾಗ ಬಟ್ಟೆಯನ್ನು ಹಿಂದುಮುಂದು ತಿರುವಿ ನೋಡಿ. ನೇಯ್ದ ಚಿತ್ತಾರದ ಎಳೆಗಳು ಹಿಂಬದಿಗೂ ಓಡಿರುತ್ತವೆ. ಅಚ್ಚು ಹಾಕಿದ್ದಾದರೆ ಬೆನ್ನು ಮಂಕಾಗಿರುತ್ತದೆ. ಖಣದ ಚಿತ್ರವನ್ನು ಗಿರಣಿಯ ಬಟ್ಟೆಗೆ ಅಚ್ಚೊತ್ತಿ ಅಗ್ಗಕ್ಕೆ ಮಾರುವುದು ನಡೆದಿದೆ. ಅದರಿಂದ ಗೋಡೆ ತುಂಬೀತು, ಮಗ್ಗಕ್ಕೆ ಮಾತ್ರ ಏನೂ ಸಿಕ್ಕದು.

ಇನ್ನು ಸೊಸೆಯ ಮನೆಯ ವಿಚಾರ. ಗೋಡೆಗಳಿಗೆಲ್ಲ ಸುಣ್ಣದ ಬಿಳುಪನ್ನೇ ಬಳಿಸಿದಳು. ಇಳಕಲ್ಲು ಸೀರೆಗೆ ಹೆಸರಾದಂತೆ ಕೆಂಪು ಗ್ರಾನೈಟಿಗೂ ಹೆಸರಾದ ಊರು. ಆ ಕಲ್ಲಿನ ಗೇಣುದ್ದದ ಪಟ್ಟಿಯನ್ನು ಗೋಡೆಯ ಬುಡಕ್ಕೆ ಸುತ್ತಲೂ ಕೂಡಿಸಿದರು. ಅದು ದಡಿಯಾಯಿತು. ಜಾತ್ರೆಯಲ್ಲಿ ಕೊಂಡ ಬಾಗಿಲು ಟ್ರ್ಯಾಕ್ಟರಿನಲ್ಲಿ ಬಂದು ತಲೆಬಾಗಿಲಾಗಿ ನಿಂತಿತು. ಉಳಿದದ್ದು ನಡುಮನೆಯ ಒಂದು ಗೋಡೆ. ಅದಕ್ಕೆ ಸೆರಗಿನ ಭಾಗವನ್ನಷ್ಟೇ ನೇಯಿಸಿ ಚೌಕಟ್ಟು ಹಾಕಿಸಬೇಕೆಂದು ಅವಳ ಆಸೆ. ಇಳಕಲ್ಲಿನ ನೇಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೇ ಸೆರಗ ನೇದು ಕೊಡತೇವ್ರಿ. ಆದ್ರ ಅದು ಯಾರ ಸೆರಗ ಅಂತ ಅನ್ನೂದ್ರಿ?” ಎಂದರು. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ.

ಕೊನೆಗೆ ಒಂದು ಪೂರ್ತಿ ಸೀರೆಯನ್ನೇ ಕೊಂಡೆವು. ಗೋಡೆಗೆ ಎರಡು ಗಿಳಿಗೂಟ ಹೊಡೆಸಿ, ಅವುಗಳ ಮೇಲೆ ದುಂಡನೆಯ ಒಂದು ಕಟ್ಟಿಗೆಯ ಕೋಲನ್ನಿಟ್ಟು, ಕೋಲಿಗೆ ತೊಳೆದ ಬಿಳಿಯ ಅರಿವೆ ಸುತ್ತಿ, ಸೀರೆಯನ್ನು ಕತ್ತರಿಸದೆ, ಮೊಳೆ ತಾಕಿಸದೆ, ಮಡಿಕೆ ಮಾಡಿ ಸೆರಗು ಮುಂದಕ್ಕೆ ಬೀಳುವಂತೆ ಇಳಿಬಿಟ್ಟೆವು. ಪಡುವಣ ಬಿಸಿಲು ಮುಟ್ಟದ ಗೋಡೆ ಅದು. ತಿಂಗಳಿಗೊಮ್ಮೆ ಇಳಿಸಿ, ಕೊಡವಿ, ಮಡಿಕೆಯ ಗೆರೆ ಬದಲಿಸಿ ಹಾಕುತ್ತಾಳೆ. ಇಲ್ಲದಿದ್ದರೆ ಮಡಿಕೆ ಬಿದ್ದಲ್ಲಿಯೇ ಎಳೆ ಸೋಲುತ್ತದೆ.

ಶ್ರಾವಣದಲ್ಲಿ ನಾಗರಪಂಚಮಿಗೆಂದು ಅವಳ ಮನೆಗೆ ಹೋದೆ. ನಡುಮನೆಯ ಗೋಡೆ ಬೋಳಾಗಿತ್ತು, ಕೋಲಷ್ಟೇ ಉಳಿದಿತ್ತು. ಏನಾಯಿತೆಂದು ಗಾಬರಿಯಿಂದ ಹಿತ್ತಲಿಗೆ ನಡೆದೆ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಗೋಡೆಯ ಸೀರೆಯನ್ನು ಉಟ್ಟು, ಸೆರಗನ್ನು ನಡುವಿಗೆ ಬಿಗಿದು, ಅವಳು ಜೀಕುತ್ತಿದ್ದಳು.